ಅಳಿಸಿದ್ದು ಅಳಿದಿರಲಿಲ್ಲ!

ಖಾನಾಪುರದ ಮನೆಯ ಹಳೆಯ ಕಂಪ್ಯೂಟರನ್ನು ಬೆಳಗಾವಿಯ ಗುಜರಿ ಅಂಗಡಿಗೆ ಕೊಡಲು ಹೊರಟಿದ್ದೆ. "ಎಲ್ಲಾ ಡಿಲೀಟ್ ಮಾಡೇನವಾ" ಎಂದಾಗ ಮೊಮ್ಮಗಳು ನಕ್ಕಳು. ಅಳಿಸಿದ್ದನ್ನು ಹುಡುಕುವ ತಂತ್ರಾಂಶ ಓಡಿಸಿದಳು. ಅರ್ಧ ತಾಸಿನಲ್ಲಿ ನನ್ನ ಪಾಸ್‌ಬುಕ್, ಆಧಾರ್, ಪಿಂಚಣಿ ಕಾಗದ ಎಲ್ಲವೂ ತೆರೆಯ ಮೇಲೆ!

"ಅಜ್ಜಾ, ನೀ ಹರಿದದ್ದು ಪುಸ್ತಕದ ಪರಿವಿಡಿ ಅಷ್ಟ. ಪಾಠ ಒಳಗ ಹಂಗ ಅದಾವು."

ನಿಜ ಮಕ್ಕಳೇ, ಡಿಲೀಟ್ ಒತ್ತಿದರೆ ಕಡತ ಎಲ್ಲಿದೆ ಎಂಬ ಗುರುತಷ್ಟೇ ಹೋಗುತ್ತದೆ. ಹಾರ್ಡ್ ಡಿಸ್ಕ್‌ನಲ್ಲಿ ಅದರ ಮೇಲೆ ಬೇರೇನಾದರೂ ಬರೆಯುವವರೆಗೆ ಮಾಹಿತಿ ಉಳಿಯುತ್ತದೆ.

ಅಜ್ಜಿಯ ಫೋಟೊಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡು, ಇಡೀ ಡಿಸ್ಕ್ ತುಂಬ ಸೊನ್ನೆ ಬರೆಸಿದೆವು. ಮೂರು ತಾಸು ಹಿಡಿಯಿತು. ಮತ್ತೆ ಹುಡುಕಿದರೆ ಏನೂ ಸಿಗಲಿಲ್ಲ. ಎಸ್‌ಎಸ್‌ಡಿ ಇದ್ದರೆ ಇದು ಸಾಲದು. ತಯಾರಕರೇ ಕೊಟ್ಟ ಅಳಿಸುವ ಆಜ್ಞೆ ಬಳಸಬೇಕು.

ಗುಜರಿಗೆ ಕೊಡುವ ಮುನ್ನ ನೀವೂ ಕೇಳಿ: "ಪಾಟಿ ಒರಸೀಯೇನ ಅಜ್ಜಾ?"