ಆರ್‌ಎಕ್ಸ್ 100 ಬೋರಿಂಗ್: ದೊಡ್ಡ ಸೈಜಿಗೆ ಅವಸರ ಬೇಡ

ಅಕ್ಕಲಕೋಟ: ಯಮಹಾ ಆರ್‌ಎಕ್ಸ್ 100 ತಯಾರಿಕೆ 1996ರಲ್ಲೇ ನಿಂತಿತು. ಆದರೆ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ತಾಲ್ಲೂಕುಗಳ ಊರುಗಳಲ್ಲಿ ಅದರ ಸದ್ದು ಇನ್ನೂ ನಿಂತಿಲ್ಲ. ಅಪ್ಪ ಕೊಂಡ ಗಾಡಿಯನ್ನು ಮಗ ಓಡಿಸುತ್ತಾನೆ. ಹೊಲ, ಸಂತೆ, ಕಾಲೇಜು ಎಲ್ಲದಕ್ಕೂ ಅದೇ ಗಾಡಿ.

ಪಿಕಪ್ ಬಿತ್ತು, ಕಿಕ್ ಹೊಡೆದರೆ ಕಾಲಿಗೆ ಬಿಗಿ ಸಿಗದಾಯಿತು ಎಂದರೆ ಗ್ಯಾರೇಜಿನಲ್ಲಿ ಬ್ಲಾಕ್ ಬಿಚ್ಚಬೇಕಾಗುತ್ತದೆ. ಆಗ ಮೇಸ್ತ್ರಿಯ ಪ್ರಶ್ನೆ ಒಂದೇ: ‘ಯಾವ ಸೈಜ್ ಹಾಕೂದು?’ ಬಹಳಷ್ಟು ಹುಡುಗರ ಉತ್ತರವೂ ಒಂದೇ: ‘ದೊಡ್ಡದ ಹಾಕ್ರಿ, ಗಾಡಿ ಓಡಬೇಕು.’ ಈ ಅವಸರವೇ ಮುಂದೆ ತುಟ್ಟಿ ಬೀಳುತ್ತದೆ.

ನೂರಕ್ಕೆ ನಾಲ್ಕೇ ಲಾಭ

ಕಂಪನಿಯಿಂದ ಬಂದಾಗ ಈ ಗಾಡಿಯ ಬೋರ್ 50 ಮಿ.ಮೀ., ಸ್ಟ್ರೋಕ್ ಕೂಡ 50 ಮಿ.ಮೀ., ಸಾಮರ್ಥ್ಯ 98 ಸಿ.ಸಿ. ಬೋರ್ ಸವೆದ ಮೇಲೆ ಹಾಕಲು 0.25, 0.50, 0.75 ಮತ್ತು 1.00 ಮಿ.ಮೀ. ಓವರ್‌ಸೈಜ್ ಪಿಸ್ಟನ್‌ಗಳಿವೆ. 0.25 ಹಾಕಿದರೆ ಸುಮಾರು 99 ಸಿ.ಸಿ. ಆಗುತ್ತದೆ. ಕೊನೆಯ 1.00 ಹಾಕಿದರೂ 102 ಸಿ.ಸಿ. ದಾಟುವುದು ಕಷ್ಟ. ಹೆಚ್ಚಿದ್ದು ನೂರಕ್ಕೆ ನಾಲ್ಕು ಮಾತ್ರ.

ಹಾಗಾದರೆ ಬೋರಿಂಗ್ ಆದ ಮೇಲೆ ಗಾಡಿ ಜಿಗಿದು ಓಡುವುದು ಹೇಗೆ? ಸೋರಿ ಹೋಗಿದ್ದ ಕಂಪ್ರೆಶನ್ ಮರಳಿ ಬರುವುದರಿಂದ. ಆ ಲಾಭ 0.25ರಲ್ಲಿಯೂ ಸಿಗುತ್ತದೆ. ಟೂ ಸ್ಟ್ರೋಕ್ ಇಂಜಿನ್ನಿನ ಜೋರು ಪೋರ್ಟ್, ಕಾರ್ಬ್ಯುರೇಟರ್, ಸೈಲೆನ್ಸರ್‌ಗಳ ಹೊಂದಾಣಿಕೆಯಲ್ಲಿದೆ. ಒಂದು ಮಿ.ಮೀ. ಪಿಸ್ಟನ್‌ನಲ್ಲಿ ಅಲ್ಲ.

ಖರ್ಚಿನ ಬದಿ ನೋಡಿದರೆ ಲೆಕ್ಕ ಬೇರೆಯೇ ಇದೆ. ನಾಲ್ಕು ಸೈಜ್ ಎಂದರೆ ಬ್ಲಾಕಿಗೆ ನಾಲ್ಕು ಆಯುಷ್ಯ. ಸ್ಟ್ಯಾಂಡರ್ಡ್‌ನಿಂದ ನೇರವಾಗಿ 1.00ಕ್ಕೆ ಹಾರಿದವರು ನಡುವಿನ ಮೂರನ್ನೂ ಲೇತಿನಲ್ಲಿ ಪುಡಿ ಮಾಡಿದಂತೆ. ಮುಂದಿನ ಸಲ ಹೊಸ ಸ್ಲೀವ್ ಕೂರಿಸುವುದು ಬಿಟ್ಟರೆ ದಾರಿಯಿಲ್ಲ. ಒರಿಜಿನಲ್ ಬ್ಲಾಕ್ ಸಿಗುವುದೂ ಈಗ ಕಷ್ಟವೇ.

ಅಳತೆ ಮೊದಲು

ಸೈಜ್ ನಿರ್ಧರಿಸಬೇಕಾದದ್ದು ಬೋರ್ ಗೇಜ್. ಬ್ಲಾಕಿನ ಮೇಲೆ, ನಡುವೆ, ಕೆಳಗೆ, ಎರಡೂ ದಿಕ್ಕಿನಲ್ಲಿ ಅಳೆಯಬೇಕು. ಸವಕಳಿ, ಗೀರು ಪೂರ್ತಿ ಹೋಗಲು ಎಷ್ಟು ಸಾಕೋ ಅಷ್ಟೇ ಸೈಜ್. ಜಾಮ್ ಆಗಿ ಆಳವಾದ ಗೀರು ಬಿದ್ದಿದ್ದರೆ 0.50 ಅಥವಾ 0.75 ಅನಿವಾರ್ಯ ಆಗಬಹುದು.

ಪಿಸ್ಟನ್ ಮೊದಲು ಕೊಂಡು, ಅದನ್ನೇ ಬೋರಿಂಗ್ ಅಂಗಡಿಗೆ ಕೊಡಬೇಕು. ಕೈಯಲ್ಲಿರುವ ಪಿಸ್ಟನ್ ಅಳೆದು, ಬೇಕಾದಷ್ಟು ಸಂದು ಬಿಟ್ಟು ಕೊರೆಯುವುದೇ ಸರಿಯಾದ ಕ್ರಮ. ಸಂದು ಕಡಿಮೆಯಾದರೆ ಸೊಲ್ಲಾಪುರದ ಬೇಸಿಗೆಯಲ್ಲಿ ಪಿಸ್ಟನ್ ಹಿಗ್ಗಿ ಮತ್ತೆ ಜಾಮ್. ಹೋನಿಂಗ್ ಮುಗಿದ ಮೇಲೆ ಪೋರ್ಟಿನ ಅಂಚು ಉಜ್ಜಿ ನುಣುಪು ಮಾಡದಿದ್ದರೆ ರಿಂಗ್ ಸಿಕ್ಕಿ ಮುರಿಯುತ್ತದೆ.

135 ಬ್ಲಾಕಿನ ಆಸೆ

ಆರ್‌ಎಕ್ಸ್ 135ರ ಬೋರ್ 58 ಮಿ.ಮೀ., 132 ಸಿ.ಸಿ. ಆ ಬ್ಲಾಕನ್ನೇ 100ಕ್ಕೆ ಕೂರಿಸಿದರೆ ಜೋರು ಖಂಡಿತ ಹೆಚ್ಚುತ್ತದೆ. ಆದರೆ ದಿನಾ ಓಡುವ ಗಾಡಿಗೆ ಪೆಟ್ರೋಲ್ ಖರ್ಚು ಏರುತ್ತದೆ, ಹಳೆಯ ಕ್ರ್ಯಾಂಕ್, ಬೇರಿಂಗ್, ಕ್ಲಚ್ ಮೇಲೆ ಭಾರ ಬೀಳುತ್ತದೆ, ಬ್ರೇಕ್ ಮಾತ್ರ ಇದ್ದದ್ದೇ.

ಕಾಗದದ ತೊಡಕು ಅದಕ್ಕಿಂತ ದೊಡ್ಡದು. ಇಂಜಿನ್ ನಂಬರ್ ಕ್ರ್ಯಾಂಕ್‌ಕೇಸ್ ಮೇಲೆ ಇರುವುದರಿಂದ ಬ್ಲಾಕ್ ಬದಲಿಸಿದ್ದು ತಿಳಿಯುವುದಿಲ್ಲ ಎಂಬ ಧೈರ್ಯ ಹಲವರದು. ಆದರೆ ಆರ್‌ಸಿಯಲ್ಲಿ 98 ಸಿ.ಸಿ. ಎಂದೇ ಇರುತ್ತದೆ. ಕಂಪನಿ ನಮೂದಿಸಿದ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ತಿದ್ದುಪಡಿಯ ಪ್ರಕಾರ ಇಂಥ ಒಂದೊಂದು ಬದಲಾವಣೆಗೆ 5,000 ರೂ. ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು.

ಗಡಿ ಭಾಗದವರಿಗೆ ಇದು ಹೆಚ್ಚು ತಟ್ಟುವ ಮಾತು. ವಿಜಯಪುರದ ಕೆಎ 28 ಗಾಡಿ ಕೊಂಡು ಸೊಲ್ಲಾಪುರದ ಎಂಎಚ್ 13 ಮಾಡಿಸುವವರು ಎನ್‌ಒಸಿ ತರಬೇಕು, ಪಾಸಿಂಗ್ ಮಾಡಿಸಬೇಕು. ಹದಿನೈದು ವರ್ಷ ದಾಟಿದ ಗಾಡಿಗೆ ನೋಂದಣಿ ನವೀಕರಣದ ತಪಾಸಣೆಯೂ ತಪ್ಪದು.

ಧೂಳು, ಎಥೆನಾಲ್

ಸದ್ದಿನ ಆಸೆಗೆ ಏರ್ ಫಿಲ್ಟರ್ ತೆಗೆದವರ ಬೋರ್ ಎರೆಹೊಲದ ಧೂಳಿಗೆ ಬೇಗ ಸವೆಯುತ್ತದೆ. ಈಗ ಪಂಪುಗಳಲ್ಲಿ ಸಿಗುವುದು ನೂರಕ್ಕೆ 20ರವರೆಗೆ ಎಥೆನಾಲ್ ಬೆರೆಸಿದ ಪೆಟ್ರೋಲ್. ನಮ್ಮ ಕಬ್ಬಿನ ಸೀಮೆಗೆ ಅದು ಒಳ್ಳೆಯದೇ, ಹಳೆಯ ಕಾರ್ಬ್ಯುರೇಟರ್‌ಗೆ ಅಲ್ಲ. ಮಿಶ್ರಣ ತೆಳುವಾಗಿ ಇಂಜಿನ್ ಕಾಯುತ್ತದೆ, ಹಳೆಯ ರಬ್ಬರ್ ಭಾಗಗಳೂ ಕೆಡುತ್ತವೆ. ಪ್ಲಗ್ ಬಿಚ್ಚಿದಾಗ ತುದಿ ಬೆಳ್ಳಗೆ ಕಂಡರೆ ಮೇಸ್ತ್ರಿಗೆ ತೋರಿಸಿ ಜೆಟ್ ನೋಡಿಸಬೇಕು.

ಬೋರಿಂಗ್ ಆದ ಮೇಲೆ ಮೊದಲ ಕೆಲವು ನೂರು ಕಿ.ಮೀ. ನಿಧಾನವಾಗಿ, ಇಬ್ಬರನ್ನು ಹೇರದೆ ಓಡಿಸಬೇಕು. ಹಾಕಿದ ಸೈಜ್ ಬರೆದ ಬಿಲ್ ತೆಗೆದಿಟ್ಟುಕೊಂಡರೆ ಮುಂದಿನ ಸಲ ಬ್ಲಾಕ್ ಬಿಚ್ಚುವ ಮೊದಲೇ ಇನ್ನೆಷ್ಟು ಸೈಜ್ ಉಳಿದಿದೆ ಎಂಬುದು ಗೊತ್ತಿರುತ್ತದೆ.