ಶಾಲೆಯ ಹಳೆಯ ಗುಂಪುಚಿತ್ರಗಳು: ಮುಖಗಳಿಗೆ ಹೆಸರು ಉಳಿಸುವ ಬಗೆ

ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಹಲವು ಕನ್ನಡ ಮನೆಗಳ ಗೋಡೆಗಳ ಮೇಲೆ, ಟ್ರಂಕುಗಳ ತಳದಲ್ಲಿ ಶಾಲೆಯ ಗುಂಪುಚಿತ್ರಗಳಿವೆ. ಬೀಳ್ಕೊಡುಗೆಯ ದಿನ, ಅಂದರೆ ಮರಾಠಿಯ ಒಡನಾಟದಿಂದ 'ನಿರೋಪ ಸಮಾರಂಭ'ವೆಂದು ಕರೆಯಲಾಗುವ ದಿನ, ತೆಗೆಸಿದ ಚಿತ್ರಗಳು ಅವು. ನಡುವೆ ಕುರ್ಚಿಗಳ ಮೇಲೆ ಗುರುಗಳು, ಹಿಂದೆ ಬೆಂಚಿನ ಮೇಲೆ ನಿಂತ ಮಕ್ಕಳು, ನೆಲದ ಮೇಲೆ ಕುಳಿತವನ ಕೈಯಲ್ಲಿ ಇಯತ್ತೆಯನ್ನೂ ವರ್ಷವನ್ನೂ ಬರೆದ ಪಾಟಿ. ಈಗ ಇವುಗಳನ್ನು ಸ್ಕ್ಯಾನ್ ಮಾಡಿ ವಾಟ್ಸಾಪ್, ಫೇಸ್‌ಬುಕ್‌ಗಳಲ್ಲಿ ಹಂಚಿಕೊಳ್ಳುವ ರೂಢಿ ಬೆಳೆದಿದೆ. ಮುಖಗಳು ಊರೂರು ತಲುಪುತ್ತವೆ. ಹೆಸರುಗಳು ಜೊತೆಗೆ ಹೋಗುವುದಿಲ್ಲ. ಮುಖ ಗುರುತಿಸಬಲ್ಲ ಹಿರಿಯರು ತೀರಿಕೊಂಡ ಮೇಲೆ ಎಷ್ಟೇ ಸ್ಪಷ್ಟವಾದ ಪ್ರತಿಯಿದ್ದರೂ ಆ ಹೆಸರುಗಳು ಮರಳಿ ದೊರೆಯಲಾರವು.

ಗಡಿಯಾಚೆಯ ಕನ್ನಡ ಶಿಕ್ಷಣಕ್ಕೆ ಇಂತಹ ಚಿತ್ರಗಳು ಪುರಾವೆಗಳೂ ಹೌದು. ಅಕ್ಕಲಕೋಟ ಮತ್ತು ಜತ್ತ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಈ ಸೀಮೆ ದ್ವಿಭಾಷಾ ಮುಂಬಯಿ ರಾಜ್ಯದಲ್ಲಿಯೇ ಉಳಿದು, 1960ರ ಮೇ 1ರಂದು ಮಹಾರಾಷ್ಟ್ರಕ್ಕೆ ಸೇರಿತು. 1962ರಲ್ಲಿ ಜಿಲ್ಲಾ ಪರಿಷತ್ತುಗಳು ಸ್ಥಾಪನೆಯಾದವು. ಆದ್ದರಿಂದ ಹಿಂಬದಿಯ ಫಲಕದಲ್ಲಿ 'ಜಿಲ್ಲಾ ಪರಿಷದ್ ಕನ್ನಡ ಶಾಲೆ' ಎಂದಿದ್ದರೆ ಆ ಚಿತ್ರ 1962ಕ್ಕಿಂತ ಹಿಂದಿನದಾಗಿರಲಾರದು. ಲೋಕಲ್ ಬೋರ್ಡಿನ ಹೆಸರಿದ್ದರೆ ಅದಕ್ಕೂ ಹಿಂದಿನದಿರಬಹುದು. ಪಾಟಿಯ ಮೇಲಿನ ಬರಹ ಯಾವ ಲಿಪಿಯಲ್ಲಿದೆ ಎಂಬುದೂ ಆಯಾ ಶಾಲೆಯ ವ್ಯವಹಾರದ ಭಾಷೆಯನ್ನು ಸೂಚಿಸುತ್ತದೆ.

ಸ್ಕ್ಯಾನ್ ಮಾಡುವಾಗ ಚಿತ್ರದ ಅಂಚು, ಅಂಟಿಸಿದ ದಪ್ಪ ರಟ್ಟು, ಬೆನ್ನಿನ ಬದಿ ಇವುಗಳನ್ನು ಬಿಡಬಾರದು. ಸ್ಟುಡಿಯೋದ ಮುದ್ರೆ, ವರ್ಷ, ಪೆನ್ಸಿಲಿನ ಬರಹ ಅಲ್ಲಿಯೇ ಇರುತ್ತವೆ. ಗುಂಪುಚಿತ್ರದಲ್ಲಿ ಒಂದೊಂದು ಮುಖದ ಅಗಲ ಹಲವು ಸಲ ಒಂದು ಸೆಂಟಿಮೀಟರನ್ನೂ ಮೀರುವುದಿಲ್ಲ. ಇಂಚಿಗೆ 300 ಚುಕ್ಕಿಗಳ ಸಾಂದ್ರತೆಯಲ್ಲಿ ಅಂತಹ ಮುಖಕ್ಕೆ ದೊರೆಯುವುದು ಸುಮಾರು 118 ಚುಕ್ಕಿಗಳ ಅಗಲ. 600ರಲ್ಲಿ ಅದು 236 ಆಗುತ್ತದೆ. ಆದ್ದರಿಂದ ಗುಂಪುಚಿತ್ರಕ್ಕೆ 600 ಯುಕ್ತ. ಕಪ್ಪು-ಬಿಳುಪು ಚಿತ್ರವನ್ನೂ ಬಣ್ಣದ ವಿಧಾನದಲ್ಲಿಯೇ ಸ್ಕ್ಯಾನ್ ಮಾಡಿದರೆ ಕಲೆ, ಶಾಯಿ, ಹಳದಿಗಟ್ಟಿದ ಭಾಗಗಳು ಬೇರೆಬೇರೆಯಾಗಿ ಕಾಣುತ್ತವೆ. ಎಂಟು-ಹತ್ತು ಇಂಚಿನ ಒಂದು ಚಿತ್ರ ಹೀಗೆ ಸುಮಾರು 86 ಮೆಗಾಬೈಟ್‌ಗಳಷ್ಟಾಗುತ್ತದೆ. ಅದನ್ನು ಟಿಫ್ ರೂಪದಲ್ಲಿ ಮೂಲಪ್ರತಿಯಾಗಿ ಇಟ್ಟು, ಹಂಚಲು ಚಿಕ್ಕದಾದ ಜೆಪೆಗ್ ಪ್ರತಿಯನ್ನು ಬೇರೆ ಮಾಡಬೇಕು. ವಾಟ್ಸಾಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳಿಸಿದರೆ ಗಾತ್ರ ಕುಗ್ಗಿ ವಿವರ ನಷ್ಟವಾಗುತ್ತದೆ; 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಉಳಿಯುತ್ತದೆ. ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಚಿತ್ರವನ್ನು ಕಿತ್ತರೆ ಮೇಲ್ಪದರವೇ ಹರಿಯುತ್ತದೆ. ಅದನ್ನು ಗಾಜಿನ ಸಮೇತ ನೆರಳಿನ ಬೆಳಕಿನಲ್ಲಿ ಮೊಬೈಲಿನಿಂದ ತೆಗೆಯುವುದೇ ಲೇಸು. ಮಸುಕಾದ ಮುಖಗಳನ್ನು 'ತಿದ್ದುವ' ಆ್ಯಪ್‌ಗಳ ವಿಷಯದಲ್ಲಿ ಎಚ್ಚರ ಅಗತ್ಯ: ಅವು ಇಲ್ಲದ ಕಣ್ಣು ಮೂಗುಗಳನ್ನು ಊಹಿಸಿ ಸೇರಿಸುತ್ತವೆ, ಮಗು ಬೇರೊಂದು ಮಗುವಾಗಿಬಿಡುತ್ತದೆ.

ಹೆಸರುಗಳ ಪಟ್ಟಿಯನ್ನು ನೋಡುವವರ ಎಡದಿಂದ ಬಲಕ್ಕೆ, ಸಾಲಿನ ಪ್ರಕಾರ ಬರೆಯಬೇಕು. ಗುರುತು ಸಿಗದವರ ಸ್ಥಾನವನ್ನು ಬಿಡದೆ 'ಗುರುತಾಗಿಲ್ಲ' ಎಂದು ನಮೂದಿಸಿದರೆ ಎಣಿಕೆ ತಪ್ಪುವುದಿಲ್ಲ. ಯಾರು ಗುರುತಿಸಿದರು, ಯಾವಾಗ ಎಂಬುದನ್ನೂ ಬರೆಯಬೇಕು. ಇಬ್ಬರು ಹಿರಿಯರು ಬೇರೆಬೇರೆ ಹೆಸರು ಹೇಳಿದರೆ ಎರಡನ್ನೂ ಇಡಬೇಕು. ಪಟ್ಟಿ ಯುನಿಕೋಡ್ ಕನ್ನಡದಲ್ಲಿರುವುದು ಅಗತ್ಯ. ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಹೆಸರು ಹುಡುಕಾಟದಲ್ಲಿ ಸಿಗುವುದಿಲ್ಲ.

ಕನ್ನಡದಲ್ಲಿಯೇ ಬರೆಯಬೇಕೆನ್ನುವುದಕ್ಕೆ ಭಾಷಾಶಾಸ್ತ್ರದ ಕಾರಣವೂ ಉಂಟು. ಕನ್ನಡದಲ್ಲಿ ಎ-ಏ, ಒ-ಓಗಳ ನಡುವೆ ಹ್ರಸ್ವ-ದೀರ್ಘ ಭೇದವಿದೆ. ಮರಾಠಿಯ ರೂಢಿಯ ಬರಹದಲ್ಲಿ ಆ ಭೇದಕ್ಕೆ ಪ್ರತ್ಯೇಕ ಚಿಹ್ನೆಯಿಲ್ಲ. 'ಕೆಂಚಪ್ಪ'ನನ್ನು ದೇವನಾಗರಿಯಲ್ಲಿ ಬರೆದು ಮರಳಿ ಕನ್ನಡಕ್ಕೆ ತಂದರೆ 'ಕೇಂಚಪ್ಪಾ' ಆಗಬಹುದು. 'ಹೊನ್ನವ್ವ' 'ಹೋನ್ನವ್ವಾ' ಆಗಬಹುದು. 'ಸೊಲ್ಲಾಪುರ' ಮತ್ತು 'ಸೋಲಾಪೂರ' ಎಂಬ ರೂಪಗಳೇ ಇದಕ್ಕೆ ಸಾಕ್ಷಿ. ಶಾಲೆಯ ದಾಖಲೆಯಲ್ಲಿರುವ ರೂಪ, ಮನೆಯಲ್ಲಿ ಕರೆಯುವ ರೂಪ ಎರಡನ್ನೂ ಬರೆದಿಟ್ಟರೆ ಹೆಸರುಗಳ ಅಧ್ಯಯನಕ್ಕೆ ಉತ್ತಮ ಸಾಮಗ್ರಿ ಸಿದ್ಧವಾಗುತ್ತದೆ.

ಚಿತ್ರದಲ್ಲಿ ಇಲ್ಲದವರನ್ನೂ ವಿಚಾರಿಸಬೇಕು. ಚಿತ್ರದ ವರ್ಗಣಿ ಕೊಡಲಾಗದವರು ದೂರ ಉಳಿದಿರಬಹುದು. ಬರದ ಸೀಮೆಯಾದ ಜತ್ತದಿಂದ ಅನೇಕ ಕುಟುಂಬಗಳು ದೀಪಾವಳಿಯ ಆಸುಪಾಸಿನಲ್ಲಿ ಕಬ್ಬು ಕಡಿಯಲು ಹೋಗುತ್ತವೆ. ವರ್ಷದ ಕೊನೆಯ ಚಿತ್ರದಲ್ಲಿ ಅವರ ಮಕ್ಕಳು ಕಾಣದಿರುವುದು ಸಹಜ. ಚಿತ್ರದಲ್ಲಿನ ತಲೆ ಎಣಿಸಿ ತರಗತಿಯ ಸಂಖ್ಯೆ ಹೇಳುವುದು ಸರಿಯಲ್ಲ. 'ಇವರಲ್ಲದೆ ನಿಮ್ಮ ಜೊತೆ ಇನ್ನು ಯಾರು ಕಲಿತರು?' ಎಂಬ ಪ್ರಶ್ನೆಗೆ ಬರುವ ಉತ್ತರವನ್ನೂ ಪಟ್ಟಿಯ ಕೆಳಗೆ ಸೇರಿಸಬೇಕು.

ಹಂಚಿಕೆಗೆ ಮರ್ಯಾದೆಯ ಎಲ್ಲೆಯಿದೆ. ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರದೆಂದು ಭಾರತದ ಕೃತಿಸ್ವಾಮ್ಯ ಕಾಯಿದೆ ಹೇಳುತ್ತದೆ. ಕಾಯಿದೆ ಏನೇ ಇರಲಿ, ಬದುಕಿರುವವರ ಹೆಸರನ್ನು ಅವರನ್ನು ಕೇಳದೆ ಬಹಿರಂಗಪಡಿಸಬಾರದು. ಹೆಣ್ಣುಮಕ್ಕಳ ತವರು ಹೆಸರು ಪಟ್ಟಿಯಲ್ಲಿರಲಿ. ಗಂಡನ ಮನೆಯ ಹೆಸರು, ಈಗಿನ ಊರು ಇವು ಅವರ ಒಪ್ಪಿಗೆಯಿಲ್ಲದೆ ಬೇಡ. ಶಾಲೆಯ ಜನರಲ್ ರಜಿಸ್ಟರಿನಲ್ಲಿರುವ ಜಾತಿ, ಜನ್ಮತಾರೀಖುಗಳನ್ನು ಚಿತ್ರದ ಜೊತೆ ಹಾಕುವುದು ಸಲ್ಲದು. ಪೂರ್ಣ ಪಟ್ಟಿ ಶಾಲೆಯಲ್ಲಿ, ವಿಭಾಗದಲ್ಲಿ, ಮನೆಯವರ ಬಳಿ ಇದ್ದು, ಅಂತರಜಾಲದಲ್ಲಿ ಒಪ್ಪಿಗೆ ದೊರೆತಷ್ಟು ಮಾತ್ರ ಇರುವುದು ಸೂಕ್ತ ಕ್ರಮ.

ಕನ್ನಡ ಐಚ್ಛಿಕ ವಿದ್ಯಾರ್ಥಿಗಳಿಗೆ ಇದು ಕೈಗೆಟಕುವ ಕ್ಷೇತ್ರಕಾರ್ಯ. ಒಂದು ರಜೆಯಲ್ಲಿ, ತಮ್ಮ ಊರಿನ ಒಂದೇ ಚಿತ್ರವನ್ನು ತೆಗೆದುಕೊಂಡು, ಅದರಲ್ಲಿರುವವರ ಪೈಕಿ ಮೂವರು ಹಿರಿಯರ ಬಳಿ ಕುಳಿತರೂ ಸಾಕು, ಬಹುಪಾಲು ಸ್ಥಾನಗಳು ತುಂಬುತ್ತವೆ. ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡರೆ ಹೆಸರಿನ ಉಚ್ಚಾರವೂ ಉಳಿಯುತ್ತದೆ. ಸ್ಕ್ಯಾನರಿನ ಕೆಲಸ ಮುಂದಿನ ವರ್ಷಕ್ಕೆ ಹೋದರೂ ನಡೆದೀತು. ಎಪ್ಪತ್ತು ದಾಟಿದವರ ಬಳಿ ಕೇಳಬೇಕಾದುದನ್ನು ಈ ರಜೆಯಲ್ಲಿಯೇ ಕೇಳಬೇಕು.