ಸೈಕಲ್ ಟೈರಿನ ಆಯ್ಕೆ ಮತ್ತು ಮಳೆಗಾಲದ ಜೋಪಾನ

ತೋಟಗಾರರ ಪತ್ರಿಕೆಯಲ್ಲಿ ಸೈಕಲ್ಲಿನ ವಿಚಾರವೇಕೆ ಎಂದು ಕೆಲವು ಸದಸ್ಯರಿಗೆ ಅನ್ನಿಸಬಹುದು. ನಾವು ಜೀಪು, ಬೈಕು ಹತ್ತಿದವರಾದರೂ, ತೋಟದ ಕೆಲಸಕ್ಕೆ ಬರುವ ಹಲವರೂ ಶಾಲೆಗೆ ಹೋಗುವ ಮಕ್ಕಳೂ ಇಂದಿಗೂ ಸೈಕಲ್ಲನ್ನೇ ನಂಬಿದ್ದಾರೆ. ಮಲೆನಾಡಿನ ಇಳಿಜಾರಿನಲ್ಲಿ, ಜಡಿಮಳೆಯಲ್ಲಿ, ಸವೆದ ಟೈರೂ ಹಿಡಿಯದ ಬ್ರೇಕೂ ಒಟ್ಟಾದರೆ ಏನಾಗುವುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಟೈರು ಕೊಳ್ಳುವಾಗ ‘ಇಪ್ಪತ್ತಾರರದ್ದು ಕೊಡಿ’ ಎಂದರೆ ಸಾಲದು. 26 × 1⅜ ಎಂಬ ಟೈರು ಕೂರುವ ರಿಮ್ಮಿನ ವ್ಯಾಸ 590 ಮಿಲಿಮೀಟರ್. 26 × 1.75 ಎಂಬುದರದ್ದು 559. ಎರಡೂ ಇಪ್ಪತ್ತಾರೇ, ಆದರೆ ಒಂದು ಇನ್ನೊಂದಕ್ಕೆ ಕೂರುವುದಿಲ್ಲ. ಹಳೆಯ ದೊಡ್ಡ ಸೈಕಲ್ಲಿನ 28 × 1½ ಟೈರಿಗೆ 635 ಮಿಲಿಮೀಟರ್ ರಿಮ್ಮು ಬೇಕು. ಹೊಸ ಮಾದರಿಯ ಕೆಲವು ‘ಇಪ್ಪತ್ತೆಂಟು’ಗಳು 622ರವು. ಆದ್ದರಿಂದ ಹಳೆಯ ಟೈರಿನ ಪಕ್ಕೆಯಲ್ಲಿ 40-635, 37-590 ಎಂಬಂತೆ ಅಚ್ಚಾಗಿರುವ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗುವುದು ಒಳ್ಳೆಯದು. ಮೊದಲ ಅಂಕಿ ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ.

ಹಿಂದಿನ ಟೈರು ಹೆಚ್ಚು ಭಾರ ಹೊರುವುದರಿಂದ ಬೇಗ ಸವೆಯುತ್ತದೆ. ಆಗ ಹೊಸದನ್ನು ಹಿಂದಕ್ಕೇ ಹಾಕುವುದು ವಾಡಿಕೆ. ನಮ್ಮ ಅಭಿಪ್ರಾಯದಲ್ಲಿ ಮುಂದಿನದನ್ನು ಹಿಂದಕ್ಕೆ ಹಾಕಿ ಹೊಸದನ್ನು ಮುಂದಕ್ಕೆ ಹಾಕಬೇಕು. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಬಹುದು. ಮುಂದಿನದು ಜಾರಿದರೆ ಸವಾರ ನೆಲದ ಮೇಲೆಯೇ.

ಇನ್ನು ಮೈಲುತುತ್ತದ ಮಾತು. ಬೋರ್ಡೋ ದ್ರಾವಣಕ್ಕೆ ಕತ್ತಿಯ ಅಲಗು ಅದ್ದಿ, ಕೆಂಪಾದರೆ ಸುಣ್ಣ ಸಾಲದೆಂದು ನಾವೆಲ್ಲ ತಿಳಿದಿದ್ದೇವೆ. ಕಬ್ಬಿಣ ಕರಗಿ ತಾಮ್ರ ಅದರ ಮೇಲೆ ಕೂರುವುದರಿಂದ ಹಾಗಾಗುತ್ತದೆ. ಮೈಲುತುತ್ತದ ಚೀಲವನ್ನು ಕ್ಯಾರಿಯರಿನಲ್ಲಿ ಹೇರಿ ಮಳೆಯಲ್ಲಿ ತಂದರೆ ಕಡ್ಡಿಗಳಿಗೂ ರಿಮ್ಮಿಗೂ ಅದೇ ಗತಿ. ತಾಮ್ರ ರಬ್ಬರಿಗೂ ಶತ್ರು. ಅದು ತಗುಲಿದ ಟೈರು ಬೇಗ ಬಿರಿಯುತ್ತದೆ. ಔಷಧಿ ಹೊಡೆಯುವ ದಿನಗಳಲ್ಲಿ ಸೈಕಲ್ಲನ್ನು ಡ್ರಮ್ಮಿನಿಂದ ದೂರ ನಿಲ್ಲಿಸಿ, ಸಂಜೆ ಒಂದು ಕೊಡ ನೀರು ಹೊಯ್ದು ಒರೆಸಿಡಿ.

ಪಂಚರ್ ಹಾಕುವಾಗ ಆತುರ ಬೇಡ. ಸಲ್ಯೂಷನ್ ಸವರಿ, ಹೊಳಪು ಹೋಗಿ ಬೆರಳಿಗೆ ಅಂಟದಷ್ಟು ಒಣಗಿದ ಮೇಲೆಯೇ ತೇಪೆ ಒತ್ತಬೇಕು. ಅದಕ್ಕೂ ಮುನ್ನ ಟೈರಿನ ಒಳಮೈಯನ್ನು ಜಾಗ್ರತೆಯಿಂದ ತಡವಿ ನೋಡಿ; ಬಿದಿರು ಮುಳ್ಳಿನ ತುದಿ ಅಲ್ಲೇ ಉಳಿದಿದ್ದರೆ ಮರುದಿನ ಮತ್ತೆ ಅದೇ ಕತೆ. ಟ್ಯೂಬಿನಲ್ಲಿ ತೂತೇ ಸಿಗದೆ ಗಾಳಿ ಇಳಿಯುತ್ತಿದ್ದರೆ, ಹಳೆ ಮಾದರಿಯ ವಾಲ್ವಿನಲ್ಲಿ ಕಡ್ಡಿಗೆ ಹೊದಿಸಿದ ಸಣ್ಣ ರಬ್ಬರ್ ಕೊಳವೆ ಬದಲಾಯಿಸಿ ನೋಡಿ.

ಬ್ರೇಕಿನದು ಎಲ್ಲಕ್ಕಿಂತ ಮುಖ್ಯ. ನೀರು ಕುಡಿದ ಹೊಳಪು ಕಬ್ಬಿಣದ ರಿಮ್ಮನ್ನು ರಬ್ಬರು ಸುಲಭವಾಗಿ ಹಿಡಿಯದು. ಇಳಿಜಾರು ಬರುವ ಮೊದಲೇ ನಾಲ್ಕಾರು ಬಾರಿ ಮೆಲ್ಲಗೆ ಬ್ರೇಕು ಒತ್ತಿ ನೀರು ಒರೆಸಿಕೊಳ್ಳುವಂತೆ ಮಕ್ಕಳಿಗೆ ಕಲಿಸಬೇಕು. ಹೊಸ ರಬ್ಬರ್ ಹಾಕುವಾಗ ಅದರ ತಗಡಿನ ಮುಚ್ಚಿದ ತುದಿ ಚಕ್ರ ತಿರುಗುವ ದಿಕ್ಕಿಗಿರಲಿ. ತಿರುಗುಮುರುಗಾದರೆ ಬ್ರೇಕು ಹಿಡಿದಾಗಲೇ, ಅಂದರೆ ಬೇಕಾದಾಗಲೇ, ರಬ್ಬರು ಜಾರಿ ಬೀಳುತ್ತದೆ. ರಿಮ್ಮಿಗೆ ಎಣ್ಣೆ ತಾಗಕೂಡದು.

ಚೈನಿಗೆ ಎಣ್ಣೆ ಬೇಕು, ಆದರೆ ಕೆಸರಿನ ಮೇಲೆ ಎಣ್ಣೆ ಸುರಿದರೆ ಅದು ಅರೆಯುವ ಕಲ್ಲಾಗುತ್ತದೆ. ಮೊದಲು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ. ಸವೆತ ತಿಳಿಯಲು ಅಡಿಪಟ್ಟಿ ಸಾಕು: ಒಂದು ಪಿನ್ನಿನ ನಡುವಿನಿಂದ ಮುಂದಿನ 24ನೆಯ ಪಿನ್ನಿನ ನಡುವಿಗೆ ಸರಿಯಾಗಿ 12 ಅಂಗುಲ ಇರಬೇಕು. ಕಾಲಂಗುಲದ ಅರ್ಧದಷ್ಟು ಹೆಚ್ಚಿದ್ದರೆ ಚೈನು ಮುಗಿದಿದೆ, ಹಲ್ಲುಗಳನ್ನೂ ತಿನ್ನುತ್ತಿದೆ. ಎಡ ಪೆಡಲಿನ ಮರೆ ಮಾತ್ರ ತಿರುವು. ಗಡಿಯಾರದ ಮುಳ್ಳಿನಂತೆ ತಿರುಗಿಸಿದರೆ ಅದು ಬಿಚ್ಚುತ್ತದೆ.

ಸಂಘದ ಗೋದಾಮಿನ ಜಗಲಿಯಲ್ಲಿ ಒಂದು ಪಂಪನ್ನೂ ಎರಡು ಸ್ಪ್ಯಾನರುಗಳನ್ನೂ ಇಟ್ಟಿದ್ದೇವೆ. ಕಚೇರಿ ವೇಳೆಯಲ್ಲಿ ಸದಸ್ಯರು, ಅವರ ಕೆಲಸಗಾರರು, ಶಾಲೆಯ ಮಕ್ಕಳು ಯಾರು ಬೇಕಾದರೂ ಬಳಸಬಹುದು. ಪಂಪಿನ ವಾಷರನ್ನು ಮಾತ್ರ ಯಾರೂ ಬಿಚ್ಚಿಕೊಂಡು ಹೋಗಬಾರದಾಗಿ ವಿನಂತಿ.